ಹೈದರಾಲಿ ಮತ್ತು ಕಟ್ಟೆಮಳಲವಾಡಿಯ ಕಾಗದಗಳು

ಮೈಸೂರಿನ ಹೈದರಾಲಿಯ ಹೆಸರು ಕೇಳದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇರಲಾರನು. ಅವನ ರಾಜ್ಯದ ಗಡಿ ಕಡೆಗೆ ನಮ್ಮ ಕೃಷ್ಣಾ ನದಿಯವರೆಗೂ ಬೆಳೆದಿತ್ತು. 1769ರಲ್ಲಿ ಮದರಾಸಿನ ಬಾಗಿಲಿಗೇ ಹೋಗಿ ಆಂಗ್ಲರನ್ನು ನಡುಗಿಸಿದ ಈ ವೀರನಿಗೆ ಓದುಬರಹ ತಿಳಿದಿರಲಿಲ್ಲ. ಆದರೂ ತನ್ನ ಬಾಳಿನ ಅತ್ಯಂತ ಕಷ್ಟದ ಯುದ್ಧವನ್ನು ಅವನು ಗೆದ್ದದ್ದು ಕೆಲವು ಕಾಗದಗಳಿಂದ. ಆ ಸಂಗತಿಯನ್ನು ಇಲ್ಲಿ ನೆನೆಯೋಣ.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರನು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಸಾಹಸ ತೋರಿ ಮೈಸೂರು ಸೈನ್ಯದಲ್ಲಿ ಮೇಲೇರಿದನು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದನು. ಲೆಕ್ಕಪತ್ರಗಳಿಗೆ ಖಂಡೇರಾಯನೆಂಬ ಜಾಣನನ್ನು ಇರಿಸಿಕೊಂಡನು. ಒಬ್ಬನ ಕತ್ತಿ, ಇನ್ನೊಬ್ಬನ ಲೇಖನಿ. ಇಬ್ಬರೂ ಜೊತೆಯಾಗಿಯೇ ಬೆಳೆದರು.

1760ರಲ್ಲಿ ಹೈದರನ ಸೈನ್ಯದ ಬಹುಭಾಗ ಫ್ರೆಂಚರ ನೆರವಿಗೆಂದು ಪಾಂಡಿಚೇರಿಯ ಕಡೆ ಹೋಗಿತ್ತು. ಈ ಸಮಯ ನೋಡಿ ಅರಮನೆಯವರೂ ಖಂಡೇರಾಯನೂ ಒಂದಾದರು, ಮರಾಠರನ್ನೂ ಕೂಡಿಸಿಕೊಂಡರು. ಆಗಸ್ಟ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಕೋಟೆಯ ಫಿರಂಗಿಗಳು ಹೈದರನ ಬಿಡಾರದ ಮೇಲೆಯೇ ಗುಂಡು ಸುರಿಸಿದವು. ಮಡದಿಯನ್ನೂ ಬಾಲಕ ಟಿಪ್ಪುವನ್ನೂ ಅಲ್ಲಿಯೇ ಬಿಟ್ಟು, ಕೆಲವೇ ಸವಾರರೊಡನೆ ಅವನು ರಾತ್ರಿ ಕಾವೇರಿಯನ್ನು ದಾಟಿ ಬೆಂಗಳೂರು ಸೇರಿದನು. ಒಂದೇ ನಾಡಿನ ಸೈನ್ಯ ಎರಡಾಗಿ ತಮ್ಮತಮ್ಮಲ್ಲೇ ಕಾದಾಡುವ ಕಾಲ ಬಂದಿತು.

1761ರಲ್ಲಿ ಮರಾಠರು ಹಣ ಪಡೆದು ಹಿಂದಿರುಗಿದರು. ಆದರೂ ನಂಜನಗೂಡಿನ ಬಳಿ ಹೈದರನು ಖಂಡೇರಾಯನಿಗೆ ಸೋತನು. ಆಗ ಅವನು ತಾನೇ ಅಧಿಕಾರದಿಂದ ಇಳಿಸಿದ್ದ ನಂಜರಾಜಯ್ಯನ ಬಳಿಗೆ ಹೋಗಿ ಕ್ಷಮೆ ಬೇಡಿ ನೆರವು ಪಡೆದನು. ಖಂಡೇರಾಯನು ಬೆನ್ನಟ್ಟಿ ಬಂದು ಕಟ್ಟೆಮಳಲವಾಡಿಯ ಬಳಿ ಬೀಡುಬಿಟ್ಟನು. ನೇರ ಕಾದಾಡಿದರೆ ಹೈದರನಿಗೆ ಉಳಿವಿರಲಿಲ್ಲ. ಅವನು ನಂಜರಾಜಯ್ಯನ ಮುದ್ರೆಯೊತ್ತಿ ಖಂಡೇರಾಯನ ಸೇನಾನಾಯಕರಿಗೆ ಸುಳ್ಳು ಕಾಗದಗಳನ್ನು ಬರೆಯಿಸಿದನು. ಒಪ್ಪಂದದಂತೆ ಖಂಡೇರಾಯನನ್ನು ಹಿಡಿದುಕೊಟ್ಟರೆ ಬಹುಮಾನ ಸಲ್ಲುವುದೆಂದು ಅವುಗಳ ಸಾರ. ಅವು ಖಂಡೇರಾಯನ ಕೈಗೇ ಸಿಕ್ಕುವಂತೆಯೂ ನೋಡಿಕೊಂಡನು. ಓದಿದ ಖಂಡೇರಾಯನು ಯಾರನ್ನೂ ವಿಚಾರಿಸದೆ ಕುದುರೆಯೇರಿ ಶ್ರೀರಂಗಪಟ್ಟಣಕ್ಕೆ ಓಡಿದನು. ಒಡೆಯನಿಲ್ಲದೆ ತಬ್ಬಿಬ್ಬಾದ ಪಾಳೆಯದ ಮೇಲೆ ಹೈದರನ ಪಡೆ ಮುಂದಿನಿಂದಲೂ ಹಿಂದಿನಿಂದಲೂ ಎರಗಿತು. ಫಿರಂಗಿಗಳೂ ಕಾಲಾಳುಗಳೂ ಅವನ ವಶವಾದರು.

ಮುಂದೆ ಅವನು ಶ್ರೀರಂಗಪಟ್ಟಣದ ಎದುರು ದಡದಲ್ಲಿ ಬೀಡುಬಿಟ್ಟು, ಸಂಧಿಯ ಮಾತು ನಡೆಸುತ್ತ ದಿನವೂ ಸೈನ್ಯಕ್ಕೆ ಕವಾಯತು ಮಾಡಿಸಿದನು. ನೋಡುವವರಿಗೆ ಅದು ವಾಡಿಕೆಯಾಯಿತು. ಒಂದು ದಿನ ಕವಾಯತಿನ ಸೈನ್ಯವೇ ಹಠಾತ್ತನೆ ಹೊಳೆ ದಾಟಿ ಖಂಡೇರಾಯನ ಬಿಡಾರಕ್ಕೆ ನುಗ್ಗಿತು. ಮೈಸೂರು ಹೈದರನದಾಯಿತು. ಸೆರೆಸಿಕ್ಕ ಖಂಡೇರಾಯನನ್ನು ಗಿಳಿಯಂತೆ ಸಾಕುವೆನೆಂದು ಮಾತು ಕೊಟ್ಟು, ಕಬ್ಬಿಣದ ಪಂಜರದಲ್ಲಿರಿಸಿ ಹಾಲು ಅನ್ನ ಹಾಕಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಹೈದರನ ಯುಕ್ತಿಯನ್ನು ಮೆಚ್ಚುವ ನಾವು ಈ ಪಂಜರವನ್ನು ಮೆಚ್ಚಲಾರೆವು.

ಇಪ್ಪತ್ತೊಂದು ವರ್ಷಗಳ ತರುವಾಯ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡನು.

ವಿದ್ಯಾರ್ಥಿಗಳೇ, ಆ ಯುದ್ಧದಲ್ಲಿ ಓದಬಲ್ಲವನು ಸೋತನು. ಕಾಗದದ ಅಕ್ಷರಗಳನ್ನು ಓದಿದ ಖಂಡೇರಾಯನು ಅದನ್ನು ಯಾರು ಬರೆದರು, ತನ್ನ ಕೈಗೇ ಏಕೆ ಸಿಕ್ಕಿತು ಎಂದು ಒಂದು ಗಳಿಗೆ ಯೋಚಿಸಲಿಲ್ಲ. ಜೊತೆಗಿದ್ದ ನಾಯಕರನ್ನು ಕರೆದು ಕೇಳಲಿಲ್ಲ. ಅಕ್ಷರ ಕಲಿಸುವ ನಾವು ಈ ಪ್ರಶ್ನೆಗಳನ್ನು ಕೇಳುವುದನ್ನೂ ನಿಮಗೆ ಕಲಿಸಿದರೆ ಮಾತ್ರ ನಮ್ಮ ಪಾಠ ಪೂರ್ತಿಯಾದಂತೆ.