ಶುಶ್ರೂಷೆಯ ಪಾಠಶಾಲೆಯನ್ನರಸಿ

ಕೈಯಲ್ಲಿ ದೀಪ ಹಿಡಿದು, ಗಾಯಗೊಂಡ ಸೈನಿಕರ ನಡುವೆ ನಡೆದು ಬರುವ ಫ್ಲಾರೆನ್ಸ್ ನೈಟಿಂಗೇಲಳ ಚಿತ್ರವನ್ನು ನೀವು ನೋಡಿರಬಹುದು. ಯುದ್ಧದ ಆಸ್ಪತ್ರೆಗೆ ಹೊರಟಾಗ ಆಕೆಗೆ ಮೂವತ್ತನಾಲ್ಕು ವರ್ಷ. ರೋಗಿಗಳ ಸೇವೆಗೆ ಬಾಳನ್ನು ಮುಡಿಪಾಗಿಡಬೇಕೆಂದು ನಿಶ್ಚಯಿಸಿದಾಗ ಇಪ್ಪತ್ತೈದೂ ತುಂಬಿರಲಿಲ್ಲ. ನಡುವಣ ವರ್ಷಗಳು ಏನಾದವು? ಆ ವಿದ್ಯೆಯನ್ನು ಕಲಿಸುವ ಒಂದು ಸ್ಥಳವನ್ನು ಹುಡುಕುವುದರಲ್ಲಿ, ಸ್ಥಳ ಸಿಕ್ಕಿದ ಮೇಲೆ ಅಲ್ಲಿಗೆ ಹೋಗಲು ಮನೆಯವರ ಅಪ್ಪಣೆ ಪಡೆಯುವುದರಲ್ಲಿ ಸವೆದುಹೋದವು. ದೀಪದ ಕಥೆ ಎಲ್ಲರಿಗೂ ಗೊತ್ತು. ಈ ಕಥೆ ಅಷ್ಟಾಗಿ ಗೊತ್ತಿಲ್ಲ.

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ಇಂಗ್ಲೆಂಡಿನ ದೊಡ್ಡ ಶ್ರೀಮಂತ, ಓದಿನ ಗೀಳುಳ್ಳವನು. ಇಬ್ಬರು ಹೆಣ್ಣುಮಕ್ಕಳಿಗೂ ತಾನೇ ಗುರುವಾಗಿ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದನು. ಆ ಕಾಲದ ಹೆಣ್ಣುಮಕ್ಕಳಿಗೆ ಇಂಥ ವಿದ್ಯೆ ದುರ್ಲಭ. ಆದರೆ ಕಲಿತದ್ದನ್ನು ಎಲ್ಲಿ ಉಪಯೋಗಿಸಬೇಕೆಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಅತಿಥಿಸತ್ಕಾರ, ಹೊಲಿಗೆ, ಔತಣಕೂಟ, ಬಳಿಕ ಯೋಗ್ಯ ವರನೊಡನೆ ಮದುವೆ - ಇಷ್ಟೇ ತಾಯಿಯ ಬಯಕೆ.

1845ರಲ್ಲಿ ಫ್ಲಾರೆನ್ಸ್ ಒಂದು ಉಪಾಯ ಹೂಡಿದಳು. ಹತ್ತಿರದ ಸಾಲ್ಸ್‌ಬರಿ ಪಟ್ಟಣದ ಆಸ್ಪತ್ರೆಯ ಮುಖ್ಯ ವೈದ್ಯ ಫೌಲರ್ ಮನೆತನದ ಸ್ನೇಹಿತ. ಅಲ್ಲಿ ಕೆಲವು ತಿಂಗಳು ಇದ್ದು ಶುಶ್ರೂಷೆಯನ್ನು ಕಲಿಯುವುದಾಗಿ ಮನೆಯಲ್ಲಿ ತಿಳಿಸಿದಳು. ಮನೆಯಲ್ಲಿ ಕೋಲಾಹಲವೇ ಎದ್ದಿತು. ತಾಯಿ ಭಯಗೊಂಡಳು, ಅಕ್ಕ ಅತ್ತಳು, ತಂದೆ ಬೇಸರದಿಂದ ದೂರ ಸರಿದನು. ಹೆತ್ತವರನ್ನು ಪೂರ್ತಿ ದೂಷಿಸುವಂತೆಯೂ ಇಲ್ಲ. ಆಗ ಉಳ್ಳವರಿಗೆ ಚಿಕಿತ್ಸೆ ಮನೆಯಲ್ಲಿಯೇ ನಡೆಯುತ್ತಿತ್ತು. ಆಸ್ಪತ್ರೆ ಬಡವರ ಪಾಲಿನದು. ಅಲ್ಲಿನ ದಾದಿಯರಿಗೆ ಶಿಕ್ಷಣವಿರಲಿಲ್ಲ, ಸಂಬಳ ಅತ್ಯಲ್ಪ, ಕುಡುಕಿಯರೆಂಬ ಅಪಕೀರ್ತಿ ಬೇರೆ. ಅಂಥಲ್ಲಿಗೆ ಮಗಳನ್ನು ಕಳುಹಿಸಲು ಯಾವ ತಾಯಿ ಒಪ್ಪಿಯಾಳು?

ಫ್ಲಾರೆನ್ಸ್ ಎದುರಾಡಲಿಲ್ಲ, ಛಲವನ್ನೂ ಬಿಡಲಿಲ್ಲ. ಮನೆಯವರು ಏಳುವ ಮೊದಲೇ ಎದ್ದು ದೀಪದ ಬೆಳಕಿನಲ್ಲಿ ಆಸ್ಪತ್ರೆಗಳನ್ನೂ ಜನಾರೋಗ್ಯವನ್ನೂ ಕುರಿತ ಸರ್ಕಾರಿ ವರದಿಗಳನ್ನು ಓದುತ್ತ, ಅಂಕಿಅಂಶಗಳನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ನನ್ನ ಮಟ್ಟಿಗೆ, ಮುಂದಿನ ಪ್ರಸಿದ್ಧ ದೀಪಕ್ಕಿಂತ ಈ ದೀಪವೇ ದೊಡ್ಡದು.

1846ರಲ್ಲಿ ಪ್ರಷ್ಯದ ರಾಯಭಾರಿ ಬುನ್‌ಸೆನ್ ಆಕೆಗೆ ಒಂದು ವಾರ್ಷಿಕ ವರದಿಯನ್ನು ಕಳುಹಿಸಿದನು. ರೈನ್ ನದಿಯ ದಡದ ಕೈಸರ್ಸ್‌ವರ್ತ್ ಎಂಬ ಊರಿನ ಸಂಸ್ಥೆಯ ವರದಿ ಅದು. ಅಲ್ಲಿನ ಪಾದ್ರಿ ಫ್ಲೀಡ್ನರ್ 1833ರಲ್ಲಿ, ಸೆರೆಮನೆಯಿಂದ ಬಿಡುಗಡೆಯಾದ ಒಬ್ಬ ಹೆಂಗಸಿಗೆ ತನ್ನ ತೋಟದ ಪುಟ್ಟ ಮನೆಯಲ್ಲಿ ಆಶ್ರಯವಿತ್ತಿದ್ದನು. 1836ರಲ್ಲಿ ಅವನೂ ಅವನ ಪತ್ನಿಯೂ ಅಲ್ಲಿ ಆಸ್ಪತ್ರೆಯನ್ನು ತೆರೆದು, ಸೇವಾವ್ರತ ತೊಟ್ಟ ಸ್ತ್ರೀಯರಿಗೆ ಶುಶ್ರೂಷೆಯ ತರಬೇತಿ ಆರಂಭಿಸಿದರು. ವರದಿಯನ್ನು ಓದಿದ ಫ್ಲಾರೆನ್ಸಳಿಗೆ ದಾರಿ ಕಂಡಂತಾಯಿತು. ಧಾರ್ಮಿಕ ಸಂಸ್ಥೆ, ಪಾದ್ರಿಯ ಮೇಲ್ವಿಚಾರಣೆ, ಕಟ್ಟುನಿಟ್ಟಿನ ನಡತೆ. ಮನೆಯವರ ಆಕ್ಷೇಪಣೆಗೆ ಎಡೆಯೆಲ್ಲಿ?

ಆದರೂ ಅಲ್ಲಿಗೆ ಕಾಲಿಡಲು ನಾಲ್ಕು ವರ್ಷ ಬೇಕಾಯಿತು. ಬಹುಕಾಲ ಕಾದಿದ್ದ ಒಬ್ಬ ಸಜ್ಜನನ ಮದುವೆಯ ಪ್ರಸ್ತಾಪವನ್ನು 1849ರಲ್ಲಿ ನಿರಾಕರಿಸಿದಳು. 1850ರಲ್ಲಿ, ಈಜಿಪ್ಟ್ ಮತ್ತು ಗ್ರೀಸ್ ದೇಶಗಳ ಪ್ರವಾಸದಿಂದ ಹಿಂದಿರುಗುವಾಗ, ಕೈಸರ್ಸ್‌ವರ್ತಿನಲ್ಲಿ ಎರಡು ವಾರ ತಂಗಿದಳು. ಮರುವರ್ಷ ಮೂರು ತಿಂಗಳ ಕಲಿಕೆಗೆ ಅಪ್ಪಣೆ ದೊರೆಯಿತು. ತಾಯಿಯೂ ಅಕ್ಕನೂ ಕಾರ್ಲ್ಸ್‌ಬಾಡಿನ ಆರೋಗ್ಯಧಾಮಕ್ಕೆ ಹೋಗುವುದು, ಅಷ್ಟರಲ್ಲಿ ಇವಳು ಇಲ್ಲಿರುವುದು. ವಿಷಯ ಬಂಧುಬಳಗಕ್ಕೆ ತಿಳಿಯಕೂಡದು. ಮೂವತ್ತೊಂದು ವರ್ಷದ ಮಗಳು ವಿದ್ಯೆ ಕಲಿಯುವುದನ್ನು ಅಪರಾಧದಂತೆ ಮುಚ್ಚಿಡಬೇಕಾಯಿತು!

ಅಲ್ಲಿ ಬೆಳಗಿನ ಐದು ಗಂಟೆಗೆ ಏಳಬೇಕು. ಪ್ರತಿ ಊಟಕ್ಕೂ ಹತ್ತೇ ನಿಮಿಷ. ರೋಗಿಗಳ ಆರೈಕೆ, ಅನಾಥಮಕ್ಕಳ ಪಾಲನೆ, ಅಂಗಚ್ಛೇದದಂಥ ಶಸ್ತ್ರಚಿಕಿತ್ಸೆಗಳ ವೇಳೆ ಹಾಜರಿರುವುದು - ಎಲ್ಲವನ್ನೂ ಸಂತೋಷದಿಂದ ಮಾಡಿದಳು. ಆದರೆ ಪ್ರೀತಿ ಆಕೆಯ ಕಣ್ಣನ್ನು ಕಟ್ಟಲಿಲ್ಲ. ಅಲ್ಲಿಯ ಜನರ ಸೇವಾನಿಷ್ಠೆ ಅಪೂರ್ವವಾದದ್ದು, ಶುಶ್ರೂಷೆಯ ವಿದ್ಯೆ ಮಾತ್ರ ಇಲ್ಲವೆನ್ನುವಷ್ಟು ಕಡಮೆ, ನೈರ್ಮಲ್ಯವಂತೂ ತೀರ ಕೆಟ್ಟದ್ದು ಎಂಬುದು ಮುಂದೆ ಆಕೆಯೇ ಕೊಟ್ಟ ತೀರ್ಪು. ಐದು ವರ್ಷ ಹಂಬಲಿಸಿದ ಶಾಲೆಯನ್ನು ಹೀಗೆ ತೂಗಿ ನೋಡುವುದು ಸುಲಭವಲ್ಲ.

1853ರಲ್ಲಿ ಕ್ಯಾಥೊಲಿಕ್ ಸಂನ್ಯಾಸಿನಿಯರ ಬಳಿ ಕಲಿಯಲೆಂದು ಪ್ಯಾರಿಸಿಗೆ ಹೋದಳು. ದಡಾರ ತಗುಲಿ ಮಲಗಿದಳು. ಅದೇ ವರ್ಷ ಲಂಡನ್ನಿನ ಹಾರ್ಲಿ ಬೀದಿಯಲ್ಲಿ ರೋಗಿಗಳಾದ ಗೌರವಸ್ಥ ಸ್ತ್ರೀಯರಿಗಾಗಿ ಇದ್ದ ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ತಂದೆಯ ಮನಸ್ಸೂ ಕರಗಿ, ವರ್ಷಕ್ಕೆ 500 ಪೌಂಡ್ ಗೊತ್ತುಮಾಡಿದನು. 1854ರ ಅಕ್ಟೋಬರಿನಲ್ಲಿ ಮೂವತ್ತೆಂಟು ಮಂದಿ ದಾದಿಯರೊಡನೆ ಕ್ರಿಮಿಯ ಯುದ್ಧದ ಗಾಯಾಳುಗಳ ಸೇವೆಗೆ ತುರ್ಕಿಯ ಸ್ಕುಟಾರಿಗೆ ಹೊರಟಳು. ಉಳಿದದ್ದು ನಿಮಗೆ ತಿಳಿದೇ ಇದೆ.

ಆಕೆಯ ಗೌರವಾರ್ಥವಾಗಿ ಜನರು ಸುಮಾರು 45,000 ಪೌಂಡ್ ನಿಧಿ ಕೂಡಿಸಿದರು. ಅದರಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆಯಿತು. ತಾನು ಅರಸಿ ಕಾಣದೆ ಹೋದದ್ದನ್ನೆಲ್ಲ ಫ್ಲಾರೆನ್ಸ್ ಅದರ ಏರ್ಪಾಟಿನಲ್ಲಿ ತಂದಳು. ಮೊದಲ ವರ್ಷ ಹದಿನೈದು ಮಂದಿ ಶಿಕ್ಷಾರ್ಥಿನಿಯರು, ಒಂದು ವರ್ಷದ ತರಬೇತಿ. ಸಂನ್ಯಾಸದ ಕಟ್ಟಿಲ್ಲ. ಪ್ರತಿಯೊಬ್ಬಳಿಗೂ ಪ್ರತ್ಯೇಕ ಮಲಗುವ ಕೋಣೆ. ಊಟ, ಸಮವಸ್ತ್ರ ಉಚಿತ, ಕೈಖರ್ಚಿಗೆ 10 ಪೌಂಡ್. ಮಗಳನ್ನು ಎಂಥ ಜಾಗಕ್ಕೆ ಕಳುಹಿಸುತ್ತಿದ್ದೇವೆಂದು ಇನ್ನು ಯಾವ ತಾಯಿಯೂ ಅಂಜಬೇಕಾಗಿರಲಿಲ್ಲ. ಕೆಲಸದ ಜಾಣ್ಮೆಯನ್ನಲ್ಲದೆ ಸಮಯಪಾಲನೆ, ಶಾಂತತೆ, ವಿಶ್ವಾಸಾರ್ಹತೆಗಳನ್ನೂ ಆಸ್ಪತ್ರೆಯ ಮೇಟ್ರನ್ ವಾರ್ಡ್ರೋಪರ್ ತಿಂಗಳು ತಿಂಗಳೂ ದಾಖಲಿಸುತ್ತಿದ್ದಳು. ಇಲ್ಲಿ ಕಲಿತ ಲೂಸಿ ಆಸ್‌ಬರ್ನ್ 1868ರಲ್ಲಿ ಆಸ್ಟ್ರೇಲಿಯದ ಸಿಡ್ನಿಗೆ ತನ್ನ ಸಂಗಡಿಗರೊಡನೆ ಹೋಗಿ ಅಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದಳು.

ಮುಂದೊಂದು ವಿವಾದ ಬಂದಿತು. ಮೂರು ವರ್ಷದ ತರಬೇತಿ ಮುಗಿಸಿದ ದಾದಿಯರ ಹೆಸರುಗಳನ್ನು ಪಟ್ಟಿಯಲ್ಲಿ ನೋಂದಾಯಿಸಬೇಕೆಂದು 1887ರಿಂದ ಎಥೆಲ್ ಫೆನ್‌ವಿಕ್ ಎಂಬಾಕೆ ಚಳವಳಿ ನಡೆಸಿದಳು. ಫ್ಲಾರೆನ್ಸ್ ಅದನ್ನು ಬಲವಾಗಿ ವಿರೋಧಿಸಿದಳು. ದಾದಿಯ ಗುಣಶೀಲಗಳನ್ನು ಯಾವ ಪರೀಕ್ಷೆ ಅಳೆಯಬಲ್ಲುದೆಂಬುದು ಆಕೆಯ ಶಂಕೆ. ಶಂಕೆಯಲ್ಲಿ ಸತ್ಯವಿತ್ತು, ಆದರೂ ತರಬೇತಿಯಿಲ್ಲದವರಿಂದ ರೋಗಿಯನ್ನು ಕಾಪಾಡಲು ಬೇರೆ ದಾರಿ ಇರಲಿಲ್ಲವೆಂದು ನನಗೆ ತೋರುತ್ತದೆ. 1910ರ ಆಗಸ್ಟ್ 13ರಂದು ಫ್ಲಾರೆನ್ಸ್ ತೀರಿಕೊಂಡಳು. ಒಂಬತ್ತು ವರ್ಷಗಳ ಬಳಿಕ ನೋಂದಣಿಯ ಕಾನೂನು ಬಂದಿತು. 1921ರಲ್ಲಿ ತೆರೆದ ಪಟ್ಟಿಯ ಮೊದಲನೆಯ ಹೆಸರು ಎಥೆಲ್ ಫೆನ್‌ವಿಕ್.