ಬೇಗಂಪೇಟೆಯ ಡಾಕ್ಟರ ಕೈಗುಣ

ನಾನು ಹಾಸನ ಕಡೆಯವನು. ಹೈದರಾಬಾದಿನಲ್ಲಿ ಜಾನುವಾರು ರೋಗ ಪತ್ತೆಹಚ್ಚುವ ಲ್ಯಾಬಿನಲ್ಲಿ ಕೆಲಸ. ತರಬೇತಿಗೆ ಬರುವ ಪಶುವೈದ್ಯ ವಿದ್ಯಾರ್ಥಿಗಳಿಗೆ ಮೊದಲ ದಿನ ಹಸುವಿನ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ತೆಳ್ಳಗೆ ಎಳೆಯಲು ಹೇಳುತ್ತೇನೆ. ಥೈಲೇರಿಯಾದ ಜೀವನಚಕ್ರವನ್ನು ಪಟಪಟನೆ ಒಪ್ಪಿಸುವವರಿಗೂ ಆ ಹನಿ ಮೆತ್ತಿಕೊಳ್ಳುತ್ತದೆ. ಮೊನ್ನೆ ಒಬ್ಬ ಹುಡುಗಿ ಮೂರನೇ ಸ್ಲೈಡೂ ಕೆಟ್ಟಾಗ ಇದು ತನ್ನಿಂದಾಗದು ಎಂದು ಕಣ್ಣೀರು ಹಾಕಿದಳು. ಅವಳಿಗೆ ಇದೇ ಊರಿನಲ್ಲಿ ಕೆಲಸ ಮಾಡಿದ್ದ ರೊನಾಲ್ಡ್ ರಾಸ್ ಕಥೆ ಹೇಳಿದೆ.

ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರದಲ್ಲಿ. ಮನಸ್ಸಿದ್ದದ್ದು ಕವಿತೆ, ಸಂಗೀತದ ಕಡೆ; ಅಪ್ಪನ ಹಟಕ್ಕೆ ವೈದ್ಯರಾದರು. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ನಮ್ಮ ಬೆಂಗಳೂರಿನಲ್ಲಿದ್ದಾಗ, ಬಂಗಲೆಯ ಹೊರಗಿದ್ದ ನೀರಿನ ತೊಟ್ಟಿ ಬೋರಲು ಹಾಕಿದರೆ ಸೊಳ್ಳೆ ಕಡಿಮೆಯಾಗುವುದನ್ನು ಕಂಡುಕೊಂಡಿದ್ದರು.

ಮಲೇರಿಯಾ ಪರಾವಲಂಬಿಯನ್ನು ಲಾವೆರಾನ್ 1880ರಲ್ಲೇ ರಕ್ತದಲ್ಲಿ ನೋಡಿದ್ದರು. ರಾಸ್‌ಗೆ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಂಥದ್ದೊಂದು ಇದೆಯೆಂಬುದನ್ನೇ ಅವರು ನಂಬಲಿಲ್ಲ. ಹದಿಮೂರು ವರ್ಷ ಸೇವೆ ಮಾಡಿದ ಡಾಕ್ಟರಿಗೆ 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ತೋರಿಸಿಕೊಡಬೇಕಾಯಿತು.

ಮರುವರ್ಷ ಸಿಕಂದರಾಬಾದಿಗೆ ಬಂದರು. ಸೊಳ್ಳೆ ಕೊಯ್ಯುವುದನ್ನು ಕಲಿಸುವವರು ಇಲ್ಲಿ ಯಾರಿದ್ದರು? ಕೆಡಿಸಿ ಕೆಡಿಸಿಯೇ ಕಲಿತರು. ಸೊಳ್ಳೆ ಹಾರಿಹೋದೀತೆಂದು ಪಂಖಾ ಎಳೆಸುವಂತಿರಲಿಲ್ಲ. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಹುಸೇನ್ ಖಾನ್ ಎಂಬ ರೋಗಿಗೆ ಒಂದು ಕಡಿತಕ್ಕೆ ಒಂದಾಣೆ ಕೊಟ್ಟು ಸೊಳ್ಳೆ ಕಚ್ಚಿಸುತ್ತಿದ್ದರು. (ನೊಬೆಲ್ ಕಥೆಯಲ್ಲಿ ಈ ಮನುಷ್ಯನಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು ಎಂದು ನನಗನ್ನಿಸುತ್ತದೆ.) 1897ರ ಆಗಸ್ಟ್ 20ರಂದು, ಆ ರಕ್ತ ಕುಡಿದಿದ್ದ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಜೀವಕೋಶಗಳು ಕಂಡವು.

ಅಷ್ಟರಲ್ಲೇ ವರ್ಗಾವಣೆ. 1898ರಲ್ಲಿ ಕಲ್ಕತ್ತಾದಲ್ಲಿ ಮಲೇರಿಯಾ ರೋಗಿಗಳು ಸಾಲದೆ ಹಕ್ಕಿಗಳ ಮಲೇರಿಯಾ ಹಿಡಿದರು. ಅಲ್ಲಿಂದ ಅದು ನಮ್ಮ ಪಶುವೈದ್ಯರ ಕಥೆಯೂ ಹೌದು. ಪರಾವಲಂಬಿಯ ಜಾಡು ಹಿಡಿದು ಸೊಳ್ಳೆಯ ಜೊಲ್ಲುಗ್ರಂಥಿ ಮುಟ್ಟಿದರು. ಸೊಳ್ಳೆ ಕಚ್ಚಿಸಿ ಆರೋಗ್ಯವಂತ ಹಕ್ಕಿಗಳಿಗೆ ರೋಗ ಬರುವುದನ್ನು ತೋರಿಸಿದರು. 1902ರಲ್ಲಿ ನೊಬೆಲ್ ಬಂತು. ತೀರಿಕೊಂಡದ್ದು 1932ರಲ್ಲಿ. ಬೇಗಂಪೇಟೆಯ ಕಟ್ಟಡ ಇಂದಿಗೂ ಇದೆ.

ಕಥೆ ಮುಗಿಯುವಷ್ಟರಲ್ಲಿ ಹುಡುಗಿ ನಾಲ್ಕನೇ ಗಾಜು ಒರೆಸುತ್ತಿದ್ದಳು. ಅದೂ ದಪ್ಪಗೇ ಬಂತು. ಹನ್ನೊಂದನೆಯದು ಸರಿಹೋಯಿತು. ಜೀಮ್ಸಾ ಬಣ್ಣ ಹಾಕಿ, ಒಣಗಿಸಿ ನೋಡಿದಳು. ಆಮೇಲೆ ಕುರ್ಚಿ ಬಿಟ್ಟೆದ್ದು ನನ್ನನ್ನು ಕೂರಿಸಿದಳು. ಕೆಂಪು ರಕ್ತಕಣದೊಳಗೆ ಥೈಲೇರಿಯಾದ ಪುಟ್ಟ ಉಂಗುರ.