ಅರ್ಹತಾ ಪಂದ್ಯ ಬಂದಾಗಲೆಲ್ಲ ನೆನಪಾಗುವ ರಹೀಂ ಸಾಹೇಬರು

2024ರ ಜೂನ್ 11ರಂದು ದೋಹಾದಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ ತಂಡ ಕತಾರ್ ಎದುರು 1–2 ಗೋಲುಗಳಿಂದ ಪರಾಭವಗೊಂಡಿತು. ಲಾಲಿಯನ್‌ಜುವಾಲಾ ಛಾಂಗ್ಟೆ ಅವರ ಗೋಲಿನಿಂದ ಪ್ರಥಮಾರ್ಧದಲ್ಲಿ ಮುನ್ನಡೆದಿದ್ದ ಭಾರತಕ್ಕೆ ಮೂರನೇ ಸುತ್ತು ಕೈಗೆಟಕುವಷ್ಟು ಹತ್ತಿರವಿತ್ತು. ಗೆರೆ ದಾಟಿ ಹೊರಹೋದ ಚೆಂಡನ್ನು ಒಳಗೆಳೆದು ಗಳಿಸಿದ ಗೋಲನ್ನು ರೆಫರಿ ಮಾನ್ಯ ಮಾಡಿದರು. ಅಲ್ಲಿಂದ ಪಂದ್ಯ ಕೈತಪ್ಪಿತು. ಆ ವಿವಾದದ ಕೋಲಾಹಲದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದೇ ಹೋದ ಒಂದು ಸಂಗತಿಯಿತ್ತು. ಭಾರತೀಯ ಫುಟ್‌ಬಾಲ್‌ನ ಅತ್ಯಂತ ಯಶಸ್ವಿ ತರಬೇತುದಾರ ಸೈಯದ್ ಅಬ್ದುಲ್ ರಹೀಂ ನಿಧನರಾಗಿ ಅಂದಿಗೆ ಸರಿಯಾಗಿ 61 ವರ್ಷ. ಕಾಕತಾಳೀಯವೆಂದರೆ, 2015ರ ಜೂನ್ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಒಮಾನ್ ಎದುರು ಭಾರತ ಸೋತದ್ದೂ 1–2ರ ಅಂತರದಲ್ಲಿಯೇ. ಅದೂ ವಿಶ್ವಕಪ್ ಅರ್ಹತಾ ಪಂದ್ಯವೇ.

ಅರ್ಹತಾ ಪಂದ್ಯಗಳು ಸಮೀಪಿಸಿದಾಗ ಅಭಿಮಾನಿಗಳ ನಡುವೆ ನಡೆಯುವ ವಾಗ್ವಾದಕ್ಕೆ ಒಂದು ನಿಶ್ಚಿತ ದಾರಿಯಿದೆ. ಗುಂಪಿನಲ್ಲಿ ಯಾರಿದ್ದಾರೆ, ತವರಿನ ಪಂದ್ಯ ಎಲ್ಲಿ, ಗೋಲು ಹೊಡೆಯುವವರು ಯಾರು ಎಂದು ಆರಂಭವಾಗುವ ಲೆಕ್ಕಾಚಾರ ಕೊನೆಗೆ ರಹೀಂ ಅವರ ಕಾಲಕ್ಕೆ ಬಂದು ನಿಲ್ಲುತ್ತದೆ. ಅಂದು ಏಷ್ಯಾದಲ್ಲಿ ನಾವೇ ಮುಂದಿದ್ದೆವು ಎಂದು ಒಬ್ಬರು ವಾದಿಸಿದರೆ, ಅಂದು ಆಡುತ್ತಿದ್ದ ದೇಶಗಳೇ ಬೆರಳೆಣಿಕೆಯಷ್ಟು ಎಂದು ಇನ್ನೊಬ್ಬರು ತಳ್ಳಿಹಾಕುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಆ ಕಾಲವನ್ನು ಸರಿಯಾಗಿ ಅಳೆಯಬೇಕಾದರೆ ರಹೀಂ ಅವರ ಬದುಕನ್ನು ಪದಕಗಳ ಆಚೆಗೂ ನೋಡಬೇಕಾಗುತ್ತದೆ.

ರಹೀಂ ಜನಿಸಿದ್ದು 1909ರ ಆಗಸ್ಟ್ 17ರಂದು, ನಿಜಾಮರ ಆಳ್ವಿಕೆಯ ಹೈದರಾಬಾದಿನಲ್ಲಿ. ಇಂದಿನ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳೂ ಆಗ ಅದೇ ಸಂಸ್ಥಾನದ ಭಾಗವಾಗಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಅವರು ಅಲ್ಲಿನ ತಂಡಕ್ಕೂ, ಬಳಿಕ ನಗರದ ಕ್ಲಬ್‌ಗಳಿಗೂ ಆಡಿದರು. ಆಟಗಾರರಾಗಿ ದೇಶಮಟ್ಟದಲ್ಲಿ ಹೆಸರು ಮಾಡಿದವರಲ್ಲ. ವೃತ್ತಿಯಿಂದ ಅವರು ಶಾಲಾ ಶಿಕ್ಷಕರು. ಕಾಚಿಗುಡ, ಚಾದರ್‌ಘಾಟ್ ಮೊದಲಾದೆಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದ ಮೇಲೆ ಕ್ರೀಡಾ ಚಟುವಟಿಕೆಗಳ ಹೊಣೆಯೂ ಅವರ ಹೆಗಲೇರಿತು. ಅವರ ತರಬೇತಿಯಲ್ಲಿ ಮೇಷ್ಟರ ಗುಣ ಕಡೆಯವರೆಗೂ ಉಳಿಯಿತೆಂಬುದನ್ನು ಮರೆಯುವಂತಿಲ್ಲ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಸ್ಥಾನದಲ್ಲಿದ್ದರು. ಸ್ಥಳೀಯ ಟೂರ್ನಿಗಳನ್ನು ನಡೆಸುವ ಅಧಿಕಾರ ಕೈಯಲ್ಲಿದ್ದುದರಿಂದ ಅವರು ಅವುಗಳನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡರು. ಒಂದು ಟೂರ್ನಿಯಲ್ಲಿ ಡ್ರಿಬ್ಲಿಂಗ್ ನಿಷಿದ್ಧ. ಚೆಂಡು ಬಂದೊಡನೆ ಪಾಸ್ ಮಾಡಬೇಕು. ಮತ್ತೊಂದರಲ್ಲಿ ಆಟಗಾರ ತನ್ನ ಬಲಹೀನ ಕಾಲಿನಿಂದಷ್ಟೇ ಆಡಬೇಕು. ಒಂಟಿಯಾಗಿ ನಾಲ್ವರನ್ನು ದಾಟಿ ಹೋಗುವವನೇ ದೊಡ್ಡ ಆಟಗಾರ ಎಂದು ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಿದ್ದ ದಿನಗಳಲ್ಲಿ ಇಂಥ ನಿಯಮಗಳು ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಫಲಿತಾಂಶ ಹೈದರಾಬಾದ್ ಸಿಟಿ ಪೊಲೀಸ್ ತಂಡದಲ್ಲಿ ಕಂಡುಬಂತು. ರಹೀಂ ಗರಡಿಯ ಈ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಅಂದಹಾಗೆ, ಬ್ರಿಟಿಷ್ ಸೇನಾ ತಂಡಗಳ ಸ್ವತ್ತೆಂಬಂತಿದ್ದ ಆ ಕಪ್ಪನ್ನು ಮೊದಲು ಎತ್ತಿದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ದಕ್ಷಿಣದ ದಂಡುಪ್ರದೇಶಗಳಲ್ಲಿ ಬೆಳೆದ ಫುಟ್‌ಬಾಲ್ ಕಲ್ಕತ್ತದ ಪ್ರಾಬಲ್ಯಕ್ಕೆ ಹಿಂದಿನಿಂದಲೂ ಸವಾಲಾಗಿತ್ತು. ರಹೀಂ ಅದಕ್ಕೊಂದು ಶಿಸ್ತು ಕೊಟ್ಟರು.

ಭಾರತ ತಂಡದ ಹೊಣೆ ಅವರಿಗೆ ಬಂದಾಗ ದೇಶ ವಿಶ್ವಕಪ್ಪಿನ ಅವಕಾಶವೊಂದನ್ನು ಆಗಷ್ಟೇ ಕೈಚೆಲ್ಲಿತ್ತು. 1950ರಲ್ಲಿ ಎದುರಾಳಿಗಳು ಹಿಂದೆ ಸರಿದುದರಿಂದ ಒಂದೂ ಅರ್ಹತಾ ಪಂದ್ಯವಾಡದೆ ದೊರೆತ ಬ್ರೆಜಿಲ್ ಪ್ರವೇಶವನ್ನು ಭಾರತ ಬಳಸಿಕೊಳ್ಳಲಿಲ್ಲ. ಅಂದಿನ ಆಡಳಿತಗಾರರಿಗೆ ಒಲಿಂಪಿಕ್ಸ್ ಮುಖ್ಯ, ವಿಶ್ವಕಪ್ ಅಲ್ಲ. ಮರುವರ್ಷ ನವದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಇಂಡೊನೇಷ್ಯಾ, ಆಫ್ಘಾನಿಸ್ತಾನ ತಂಡಗಳನ್ನು ತಲಾ 3–0ಯಿಂದ ಮಣಿಸಿದ ಭಾರತ, ಫೈನಲ್‌ನಲ್ಲಿ ಸಾಹು ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನ್ ತಂಡವನ್ನು ಸೋಲಿಸಿ ಚಿನ್ನ ಪಡೆಯಿತು. ಪ್ರಧಾನಿ ನೆಹರೂ ಪಂದ್ಯ ನೋಡಲು ಬಂದಿದ್ದರು. ಶೈಲೇನ್ ಮನ್ನಾ ನಾಯಕ.

ಆ ಸಂಭ್ರಮ ಹದಿನಾರು ತಿಂಗಳು ಉಳಿಯಿತು. 1952ರ ಜುಲೈನಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಿಂದ ಚಿಂದಿ ಮಾಡಿತು. ಹಲವು ಆಟಗಾರರು ಬರಿಗಾಲಲ್ಲಿ ಆಡಿದ್ದರು. ಭಾರತದ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಈ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಆದರೆ ಹತ್ತು ಗೋಲುಗಳ ಹೊಣೆಯನ್ನೆಲ್ಲ ಬರಿಗಾಲಿನ ಮೇಲೆ ಹೊರಿಸುವುದು ಅನುಕೂಲದ ವಿವರಣೆ. ಯುಗೊಸ್ಲಾವ್ ಆಟಗಾರರು ಚೆಂಡಿಲ್ಲದಾಗಲೂ ಜಾಗ ಬದಲಿಸುತ್ತಿದ್ದರು. ಭಾರತದವರು ತಮಗೆ ಗೊತ್ತುಪಡಿಸಿದ ಜಾಗದಲ್ಲಿ ನಿಂತು ಕಾಯುತ್ತಿದ್ದರು. ರಹೀಂ ಕಂಡುಕೊಂಡ ನ್ಯೂನತೆ ಅದೇ ಎಂಬುದಕ್ಕೆ ಅವರ ಮುಂದಿನ ಕೆಲಸವೇ ಸಾಕ್ಷಿ. ಆ ಕೂಟದಲ್ಲಿ ಚಿನ್ನ ಗೆದ್ದ ಹಂಗೆರಿಯ ಪದ್ಧತಿ ಅವರ ಮೇಲೆ ಗಾಢ ಪ್ರಭಾವ ಬೀರಿತು. ಎರಡು, ಮೂರು, ಐದು ಎಂಬ ಹಳೆಯ ವಿನ್ಯಾಸವನ್ನು ಅವರು ಹಂತಹಂತವಾಗಿ ಕಳಚಿದರು. ಮುಂದೆ ಬ್ರೆಜಿಲ್ 1958ರಲ್ಲಿ ಜಗತ್ಪ್ರಸಿದ್ಧಗೊಳಿಸಿದ ನಾಲ್ಕು–ಎರಡು–ನಾಲ್ಕು ವಿನ್ಯಾಸದತ್ತ ಭಾರತ ತಂಡವನ್ನು ಒಯ್ದ ಶ್ರೇಯ ಅವರಿಗೇ ಸಲ್ಲುತ್ತದೆ.

1956ರ ಮೆಲ್ಬರ್ನ್ ಒಲಿಂಪಿಕ್ಸ್ ಬಗ್ಗೆ ಅಭಿಮಾನಿಗಳಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಕಣದಲ್ಲಿದ್ದುದು 11 ತಂಡಗಳು ಮಾತ್ರ. ಮೊದಲ ಎದುರಾಳಿ ಹಂಗೆರಿ ಹಿಂದೆ ಸರಿದುದರಿಂದ ಭಾರತ ಆಡದೆಯೇ ಮುಂದಿನ ಸುತ್ತು ತಲುಪಿತು. ಕ್ವಾರ್ಟರ್ ಫೈನಲ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಹ್ಯಾಟ್ರಿಕ್ ಸಾಧಿಸಿದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯಾದ ಆಟಗಾರನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಅದೇ ಯುಗೊಸ್ಲಾವಿಯಾ ಎದುರು ಮೊದಲು ಗೋಲು ಹೊಡೆದದ್ದು ಭಾರತ. ನಂತರ ನಾಲ್ಕು ಗೋಲು ಬಿಟ್ಟುಕೊಟ್ಟು 1–4ರಿಂದ ಸೋತಿತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ 3–0ಯಿಂದ ಗೆದ್ದಿತು. ಹೀಗೆ ನಾಲ್ಕನೇ ಸ್ಥಾನಕ್ಕೆ ಕಾರಣವಾದುದು ಒಂದೇ ಗೆಲುವು ಎಂಬ ಟೀಕೆ ಸುಳ್ಳಲ್ಲ. ಆದರೆ 10–1ರಿಂದ ಸೋತಿದ್ದ ತಂಡ ನಾಲ್ಕೇ ವರ್ಷಗಳಲ್ಲಿ ಅದೇ ದೇಶದ ಎದುರು ದ್ವಿತೀಯಾರ್ಧದಲ್ಲಿ ಮುನ್ನಡೆ ಪಡೆದದ್ದೂ ಸುಳ್ಳಲ್ಲ.

ಆ ತಂಡದಲ್ಲಿ ಹೈದರಾಬಾದಿನ ನೂರ್ ಮಹಮ್ಮದ್, ಅಜೀಜುದ್ದೀನ್, ಜುಲ್ಫಿಕರುದ್ದೀನ್ ಮುಂತಾದವರಿದ್ದರು. ಸಿಕಂದರಾಬಾದ್ ಬಳಿಯ ಅಮ್ಮುಗುಡದ ಬಡ ಕುಟುಂಬದಿಂದ ಬಂದ ಇಪ್ಪತ್ತರ ಹರೆಯದ ತುಳಸೀದಾಸ್ ಬಲರಾಂ ಇದ್ದರು. ಮೈಸೂರು ರಾಜ್ಯದ ಕೆಂಪಯ್ಯ ಇದ್ದರು. ತಂಡ ಮೆಲ್ಬರ್ನ್‌ನಲ್ಲಿ ಆಡುವ ಹೊತ್ತಿಗೆ ರಾಜ್ಯಗಳ ಪುನರ್ವಿಂಗಡಣೆಯಾಗಿ ಹೈದರಾಬಾದ್ ರಾಜ್ಯವೇ ಇಲ್ಲವಾಗಿತ್ತು. ಸ್ವಂತ ಊರಿನ ಹುಡುಗರಿಗೆ ರಹೀಂ ಹೆಚ್ಚು ಅವಕಾಶ ಕೊಡುತ್ತಾರೆಂಬ ಆಕ್ಷೇಪಕ್ಕೆ, ಅವರಲ್ಲಿ ಹೆಚ್ಚಿನವರು ಮೈದಾನದಲ್ಲಿಯೇ ಉತ್ತರ ಕೊಟ್ಟರು.

ಪದಕವೂ ಇಲ್ಲದ, ಸ್ಥಾನವೂ ಇಲ್ಲದ 1960ರ ರೋಮ್ ಒಲಿಂಪಿಕ್ಸ್ ರಹೀಂ ಅವರ ಶ್ರೇಷ್ಠ ಸಾಧನೆ ಎಂದರೆ ಅತಿಶಯೋಕ್ತಿಯಲ್ಲ. ಇಂದಿನ ಅಭಿಮಾನಿಗಳಿಗೆ ಹೆಚ್ಚು ಪ್ರಸ್ತುತವಾದ ಅಧ್ಯಾಯವೂ ಇದೇ. ಕಾರಣ ಈ ಬಾರಿ ಅರ್ಹತೆಯನ್ನು ಆಡಿಯೇ ಗಳಿಸಬೇಕಿತ್ತು. ನಿರ್ಣಾಯಕ ಹಂತದಲ್ಲಿ ಎದುರಾದ ಇಂಡೊನೇಷ್ಯಾ ದುರ್ಬಲ ತಂಡವಾಗಿರಲಿಲ್ಲ. ಭಾರತ ಕಲ್ಕತ್ತದಲ್ಲಿ 4–2ರಿಂದ ಗೆದ್ದಿತು. ಎರಡು ಗೋಲಿನ ಮುನ್ನಡೆಯನ್ನು ಕಾಪಾಡಿಕೊಂಡರೆ ಸಾಕೆಂದು ಸುಮ್ಮನಾಗದೆ ಜಕಾರ್ತಕ್ಕೆ ಹೋಗಿ ಅಲ್ಲಿಯೂ 2–0ಯಿಂದ ಗೆದ್ದಿತು. ತವರಿನಲ್ಲಿ ಗೆದ್ದು ಪರದೇಶದಲ್ಲಿ ಮುದುಡಿಕೊಳ್ಳುವ ಈಚಿನ ತಂಡಗಳನ್ನು ಕಂಡವರಿಗೆ ಈ ಎರಡನೇ ಅಂಕಿಯ ಬೆಲೆ ತಿಳಿದೀತು.

ರೋಮ್‌ನಲ್ಲಿ ಭಾರತ ಬಿದ್ದದ್ದು ಹಂಗೆರಿ, ಫ್ರಾನ್ಸ್, ಪೆರು ಇದ್ದ ಗುಂಪಿಗೆ. ಮುಂದೆ ಯುರೋಪಿನ ವರ್ಷದ ಆಟಗಾರನೆನಿಸಿದ ಫ್ಲೋರಿಯಾನ್ ಆಲ್ಬರ್ಟ್ ಆಡುತ್ತಿದ್ದ ಹಂಗೆರಿ ಎದುರು ಸೋಲು 1–2ರಷ್ಟು ಕಿರಿದಾದ ಅಂತರದ್ದು. ಫ್ರಾನ್ಸ್ ಎದುರು ನಾಯಕ ಪಿ.ಕೆ. ಬ್ಯಾನರ್ಜಿ ಮುನ್ನಡೆ ತಂದರು. ಪಂದ್ಯ ಮುಗಿಯುವ ಹೊತ್ತಿಗೆ ಫ್ರೆಂಚರು ಸಮ ಮಾಡಿಕೊಂಡರು. ಪೆರು ಎದುರು 1–3 ಸೋಲು. ಒಂದೂ ಗೆಲುವಿಲ್ಲದೆ ತಂಡ ಮರಳಿತು. ಭಾರತ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಕಾಣಿಸಿಕೊಂಡದ್ದು ಅದೇ ಕಡೆಯ ಸಲ.

ಇಷ್ಟರಲ್ಲಿ ರಹೀಂ ಅವರ ದೇಹ ಸೋಲತೊಡಗಿತ್ತು. ಸಿಗರೇಟಿನ ಚಟ ಅವರನ್ನು ಬಿಟ್ಟಿರಲಿಲ್ಲ; ಶ್ವಾಸಕೋಶದ ಕ್ಯಾನ್ಸರ್ ಅಂಟಿಕೊಂಡಿತು. ಆ ಸ್ಥಿತಿಯಲ್ಲಿಯೇ ಅವರು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟಕ್ಕೆ ತಂಡವನ್ನು ಕರೆದೊಯ್ದರು.

ಆರಂಭ ಕೆಟ್ಟದಾಗಿತ್ತು. ದಕ್ಷಿಣ ಕೊರಿಯಾ 2–0ಯಿಂದ ಸೋಲಿಸಿತು. ಥಾಯ್ಲೆಂಡ್ ವಿರುದ್ಧ 4–1ರಿಂದ ಗೆದ್ದರೂ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜಪಾನ್ ಎದುರು 2–0 ಗೆಲುವಿನೊಂದಿಗೆ ಸೆಮಿಫೈನಲ್ ತಲುಪಿದಾಗ ರಹೀಂ ಒಂದು ದಿಟ್ಟ ನಿರ್ಧಾರಕ್ಕೆ ಬಂದರು. ತಲೆಗೆ ಬ್ಯಾಂಡೇಜು ಸುತ್ತಿದ ಜರ್ನೈಲ್ ಅವರನ್ನು ರಕ್ಷಣೆಯಿಂದ ತೆಗೆದು ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿ ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಂ ವಿರುದ್ಧದ 3–2ರ ಗೆಲುವಿನಲ್ಲಿ ಜರ್ನೈಲ್ ಒಂದು, ನಾಯಕ ಚುನಿ ಗೋಸ್ವಾಮಿ ಎರಡು ಗೋಲು ಹೊಡೆದರು.

ಮೈದಾನದ ಹೊರಗಿನ ಸ್ಥಿತಿ ಇನ್ನೂ ಬಿಗಡಾಯಿಸಿತ್ತು. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೊನೇಷ್ಯಾ ಪ್ರವೇಶ ನಿರಾಕರಿಸಿದ್ದನ್ನು ಭಾರತದ ಕ್ರೀಡಾಧಿಕಾರಿ ಗುರುದತ್ ಸೋಂಧಿ ಬಹಿರಂಗವಾಗಿ ವಿರೋಧಿಸಿದ್ದರು. ಫೈನಲ್‌ನ ಹಿಂದಿನ ದಿನ ಉದ್ರಿಕ್ತ ಗುಂಪು ಭಾರತದ ರಾಯಭಾರ ಕಚೇರಿಗೆ ನುಗ್ಗಿತು. ಸೋಂಧಿ ದೇಶ ಬಿಡಬೇಕಾಯಿತು. ಫುಟ್‌ಬಾಲ್ ಆಟಗಾರರಿಗೂ ಆ ವಿವಾದಕ್ಕೂ ಸಂಬಂಧವೇ ಇರಲಿಲ್ಲ. ಸಿಟ್ಟಿಗೆ ಗುರಿಯಾದವರು ಮಾತ್ರ ಅವರೇ. ಫೈನಲ್‌ಗೆ ಮುನ್ನ ರಹೀಂ ತಮ್ಮ ಹುಡುಗರಲ್ಲಿ ಚಿನ್ನದ ಪದಕವನ್ನು ಉಡುಗೊರೆಯಾಗಿ ಬೇಡಿದರೆಂದು ಆಟಗಾರರು ಮುಂದೆ ನೆನೆದುಕೊಂಡಿದ್ದಾರೆ.

ಸೆಪ್ಟೆಂಬರ್ 4ರಂದು ಸೆನಯನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಪ್ರೇಕ್ಷಕರು ಸೇರಿದ್ದರು. ಭಾರತದ ಆಟಗಾರರ ಕಾಲಿಗೆ ಚೆಂಡು ಬಂದಾಗಲೆಲ್ಲ ಅಬ್ಬರದ ಕೂಗು. ಭಾರತದ ಪರ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂಬುದು ಇತಿಹಾಸದ ಸೋಜಿಗಗಳಲ್ಲೊಂದು. ಜ್ವರದಿಂದ ಬಳಲುತ್ತಿದ್ದ ಪೀಟರ್ ತಂಗರಾಜ್ ಅವರನ್ನು ರಹೀಂ ಗೋಲ್‌ಕೀಪರ್ ಸ್ಥಾನಕ್ಕೆ ಮರಳಿ ಕರೆತಂದರು. ಮೊದಲ ಇಪ್ಪತ್ತು ನಿಮಿಷಗಳಲ್ಲೇ ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ತಲಾ ಒಂದು ಗೋಲು ಹೊಡೆದರು. ಕೊರಿಯಾ ಕೊನೆಯಲ್ಲಿ ಒಂದನ್ನು ಹಿಂತಿರುಗಿಸಿತು. 2–1. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತ ಗೆದ್ದ ಎರಡನೆಯ ಚಿನ್ನ ಅದು. ಮೂರನೆಯದು ಇನ್ನೂ ಬಂದಿಲ್ಲ.

ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು ರಹೀಂ ಹೈದರಾಬಾದಿನಲ್ಲಿ ಕಣ್ಣು ಮುಚ್ಚಿದರು. ಅವರಿಗೆ 53 ವರ್ಷ. ತರಬೇತುದಾರರಿಗೆ ಸಲ್ಲುವ ದ್ರೋಣಾಚಾರ್ಯ ಪ್ರಶಸ್ತಿಯನ್ನು ಸರ್ಕಾರ ಸ್ಥಾಪಿಸುವ ಹೊತ್ತಿಗೆ ಅವರು ತೀರಿಕೊಂಡು 22 ವರ್ಷಗಳಾಗಿದ್ದವು. 2024ರಲ್ಲಿ ಅಜಯ್ ದೇವಗನ್ ನಟನೆಯ ಹಿಂದಿ ಚಿತ್ರ ‘ಮೈದಾನ್’ ತೆರೆಕಂಡಾಗ ಹೊಸ ಪೀಳಿಗೆಯ ಅನೇಕರು ಆ ಹೆಸರನ್ನು ಮೊದಲ ಬಾರಿಗೆ ಕೇಳಿದರು.

ಅವರು ಬಿಟ್ಟುಹೋದ ತಂಡ ಒಡನೆಯೇ ಕುಸಿಯಲಿಲ್ಲ. 1964ರಲ್ಲಿ ಏಷ್ಯಾ ಕಪ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ಆದರೆ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಹಂತದಲ್ಲಿ ಇರಾನ್ ಎದುರು ಎಡವಿತು. ಅಲ್ಲಿಂದ ಶುರುವಾದದ್ದು ಇಂದಿಗೂ ಅಭಿಮಾನಿಗಳು ಚರ್ಚಿಸುವ ಅರ್ಹತಾ ಸೋಲುಗಳ ಸರಣಿ. ವಿಶ್ವಕಪ್ ಅರ್ಹತಾ ಪಂದ್ಯಗಳನ್ನು ಭಾರತ ಆಡತೊಡಗಿದ್ದೇ 1986ರ ಕೂಟಕ್ಕಾಗಿ. ಒಮ್ಮೆಯೂ ಗುರಿ ಮುಟ್ಟಿಲ್ಲ. 2025ರ ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ ಸೋತು 2027ರ ಏಷ್ಯಾ ಕಪ್ ಪ್ರವೇಶವನ್ನೂ ಕಳೆದುಕೊಂಡಿತು. ರಹೀಂ ಇದ್ದಿದ್ದರೆ ಎಂಬ ಮಾತು ಅಂದೂ ಕೇಳಿಬಂತು. ಕೊರಿಯಾ, ಜಪಾನ್, ಇರಾನ್ ಈ ಆರು ದಶಕಗಳಲ್ಲಿ ಕಟ್ಟಿಕೊಂಡ ಲೀಗು, ಮೈದಾನ, ಬಾಲಕರ ತಂಡಗಳನ್ನು ಒಬ್ಬ ತರಬೇತುದಾರ ಸರಿಗಟ್ಟುವುದು ಕಷ್ಟ. ಆದರೂ ಒಂದು ಸಂಸ್ಥೆ, ಒಂದು ಕ್ಲಬ್, ಒಂದು ರಾಷ್ಟ್ರೀಯ ತಂಡ ಮೂರನ್ನೂ ಹನ್ನೆರಡು–ಹದಿಮೂರು ವರ್ಷ ಒಂದೇ ಯೋಚನೆಯಡಿ ನಡೆಸುವ ಅವಕಾಶ ಅವರ ನಂತರ ಭಾರತದಲ್ಲಿ ಯಾರಿಗೂ ದೊರೆತಿಲ್ಲ. ಸೋತ ಕೂಡಲೇ ತರಬೇತುದಾರನ ತಲೆದಂಡ ಕೇಳುವವರು ಹೆಲ್ಸಿಂಕಿಯ ಹತ್ತು ಗೋಲುಗಳ ನಂತರವೂ ರಹೀಂ ಮುಂದುವರಿದರು ಎಂಬುದನ್ನು ನೆನೆಯಬೇಕು.

ಅವರ ಶಿಷ್ಯರಲ್ಲಿ ಪಿ.ಕೆ. ಬ್ಯಾನರ್ಜಿ 1970ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡದ ತರಬೇತಿ ಹೊಣೆ ಹಂಚಿಕೊಂಡಿದ್ದರು. 2020ರಲ್ಲಿ ಅವರೂ ಚುನಿ ಗೋಸ್ವಾಮಿಯೂ, 2023ರಲ್ಲಿ ಬಲರಾಂ ತೀರಿಕೊಂಡರು. ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು. ಬಳಿಕ ಅಂತರರಾಷ್ಟ್ರೀಯ ರೆಫರಿಯಾಗಿ, ತರಬೇತುದಾರರಾಗಿ ದುಡಿದು 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. ಅವರು ಕೊನೆಯುಸಿರೆಳೆದದ್ದು 2021ರ ಆಗಸ್ಟ್ 22ರಂದು, ಕಲಬುರಗಿಯ ಆಸ್ಪತ್ರೆಯೊಂದರಲ್ಲಿ.